ಬೈಗುಳಕ್ಕೆ ಬಂದ ಬರ

ಒಂಟಿ ಮನುಷ್ಯನಿಗೆ ಯಾವ ಮಾತೂ ಕೆಟ್ಟ ಮಾತಲ್ಲ; ಬೈಗುಳವಾದರೂ ಸರಿ, ತನ್ನ ಭಾಷೆಯಲ್ಲಿದ್ದರೆ ಸಾಕು. ಮದರಾಸಿನ ಒಂದು ಆಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ಗುಮಾಸ್ತನಾದ ಹೊಸದರಲ್ಲಿ ನಾನು ಕಂಡುಕೊಂಡ ಸತ್ಯ ಇದು. ನನ್ನ ತಮಿಳು ಎಂಥದ್ದೆಂದರೆ, ತ್ರಿಪ್ಲಿಕೇನಿನ ಮೆಸ್ಸಿನಲ್ಲಿ ಮಜ್ಜಿಗೆ ಕೇಳಿದರೆ ಎಲೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಲಾಡ್ಜಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಕನ್ನಡಿಯಲ್ಲಿರುವವನನ್ನೂ ಸೇರಿಸಿದರೆ ಇಬ್ಬರು.

ನನ್ನ ಪುಣ್ಯಕ್ಕೆ ನಮ್ಮ ಚೀಫ್ ಡಾಕ್ಟರು ಮೈಸೂರಿನವರು. ಇಂಗ್ಲಿಷಿನಲ್ಲಿ ಔಷಧಿ ಬರೆದು, ತಮಿಳಿನಲ್ಲಿ ಸಮಾಧಾನ ಹೇಳಿ, ಕನ್ನಡದಲ್ಲಿ ಬೈಯುತ್ತಿದ್ದರು. ಹೊಲಿಗೆ ಹಾಕಿದ ಗಾಯಗಳು ಕೀವುಗಟ್ಟುತ್ತಿದ್ದ ಕಾಲ; ಕೈ ತೊಳೆಯದೆ ಯಾರೂ ವಾರ್ಡಿಗೆ ಕಾಲಿಡಬಾರದೆಂದು ಹುಕುಂ ಹೊರಡಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದವರಿಗೆ ಆ ಬೈಗುಳ ಅರ್ಥವೇ ಆಗುತ್ತಿರಲಿಲ್ಲ. ಅರ್ಥವಾಗುತ್ತಿದ್ದ ನಾನೊಬ್ಬ ಬೇಕೆಂದೇ ಶಾಯಿ ಮೆತ್ತಿದ ಕೈಯಲ್ಲಿ ಎದುರು ನಿಲ್ಲುತ್ತಿದ್ದೆ.

"ಏನೋ ಇದು ಕೈ! ಎಮ್ಮೆ ಮೈ ಉಜ್ಜಿ ಬಂದ್ಯೇನೋ, ಕತ್ತೆ?"

ಆಹಾ! ಅಷ್ಟು ಕೇಳಿದರೆ ಅವತ್ತಿನ ಊಟ ರುಚಿಸುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವರು ಹೆಡ್ ಸಿಸ್ಟರ್. ಒಂದು ಬೆಳಿಗ್ಗೆ ಎಲ್ಲರ ಎದುರು, "ಮೊದಲ್ಲ ನೀಂಗ ಕಳುವುಂಗ, ಡಾಕ್ಟರ್" ಎಂದುಬಿಟ್ಟರು. ಮೊದಲು ನೀವು ತೊಳೆಯಿರಿ! ಚೀಫ್ ತಮ್ಮ ಕೈ ನೋಡಿಕೊಂಡರು. ಆಗಷ್ಟೇ ಯಾರದೋ ಗಾಯದ ಪಟ್ಟಿ ಬಿಚ್ಚಿದ್ದ ಕೈ. ಬೇಸಿನ್ನಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. ಮರುದಿನದಿಂದ ರೌಂಡ್ಸಿಗೆ ಮುಂಚೆ ಬೇಸಿನ್ನಿನ ಮುಂದೆ ಅವರೇ ಮೊದಲು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಅವರೇ ಮೊದಲು. ಅಷ್ಟು ದೊಡ್ಡವರು ತೊಳೆಯುತ್ತಿರುವಾಗ ಹಿಂದೆ ನಿಂತವರು ಕೈಯನ್ನು ಜೇಬಿನಲ್ಲಿ ಎಷ್ಟು ಹೊತ್ತು ಇಟ್ಟುಕೊಂಡಾರು? ಸಾಲು ಬೆಳೆಯಿತು, ಕೀವು ಕಡಿಮೆಯಾಯಿತು, ಬೈಗುಳ ಪೂರ್ತಿ ನಿಂತಿತು.

ರೋಗಿಗಳು ನಗುತ್ತ ಮನೆಗೆ ಹೋಗತೊಡಗಿದರು. ನನ್ನ ಕಿವಿಗೆ ಮಾತ್ರ ಹದಿನೈದು ದಿನ ಒಂದೇ ಒಂದು ಕನ್ನಡ ಪದ ಬೀಳಲಿಲ್ಲ. ಕೊನೆಗೆ ತಡೆಯಲಾರದೆ, ಹೇಗೂ ನಾನು ರೋಗಿಗಳನ್ನಲ್ಲ, ಬರೀ ಕಾಗದ ಮುಟ್ಟುವವನು ಎಂಬ ಧೈರ್ಯದಿಂದ, ಅಂಗೈ ತುಂಬ ಶಾಯಿ ಬಳಿದುಕೊಂಡು ಚೀಫ್ ಎದುರು ಹೋಗಿ ನಿಂತೆ. ಅವರು ಬೈಯಲಿಲ್ಲ. ಸೋಪನ್ನು ನನ್ನ ಕೈಗಿಟ್ಟು ಪಕ್ಕದಲ್ಲೇ ನಿಂತರು. ತೊಳೆದು ತೋರಿಸಿದೆ.

"ಉಗುರು ನೋಡ್ಕೋ, ಮಗೂ" ಎಂದರು.

ಮೂರು ಪದ! ಅದರಲ್ಲೊಂದು ಮಗು. ಬಲಗೈಯ ಉಗುರುಗಳನ್ನು ಚೆನ್ನಾಗಿ ಉಜ್ಜಿದೆ. ಎಡಗೈಯವನ್ನು ನಾಳೆಗೆ ಇಟ್ಟುಕೊಂಡೆ.