ಕೌದಿಯ ತುತ್ತು

ಅಮರನಾಥ ಬೆಳಿಗ್ಗೆ ತಿಂದದ್ದು ಒಂದೇ ಒಂದು ಹೋಳಿಗೆ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಆಳಂದದಲ್ಲಿ ಮಾಜಿ ಸೈನಿಕರ ಸನ್ಮಾನವಿತ್ತು. ಶಾಲು ಹೊದಿಸಿ ಹೊದಿಸಿ ಬೇಸತ್ತ ಸಮಿತಿಯವರು ಈ ಸಲ ಹಳೇ ಬಟ್ಟೆಯ ತುಂಡು ಸೇರಿಸಿ ಕೈಯಿಂದ ಹೊಲಿದ ಕೌದಿ ಹೊದಿಸುವುದೆಂದು ಠರಾಯಿಸಿದ್ದರು. ಮಾದನಹಿಪ್ಪರಗಾದ ಹೀರಾಬಾಯಿ, ಪಕ್ಕದ ಮನೆಯ ಜೈತುನಬಿ ಇಬ್ಬರೂ ಎರಡು ತಿಂಗಳು ಕೂತು ಹೊಲಿದಿದ್ದರು. ಅದನ್ನು ಒಯ್ಯುವ ಕೆಲಸವನ್ನು ಅಮರನಾಥ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಸನ್ಮಾನ ಸುಬೇದಾರ ಜಗದೇವಪ್ಪನವರಿಗೆ. ಅವರ ಮಗಳು ಶೈಲಶ್ರೀಯ ಮೇಲೆ ಇವನ ಕಣ್ಣು. ಹುಡುಗನನ್ನು ಸಮಾರಂಭದಲ್ಲೇ ನೋಡಿ ಹೂಂ ಅಥವಾ ಉಹೂಂ ಹೇಳುವುದಾಗಿ ಸುಬೇದಾರರು ತಿಳಿಸಿದ್ದರು.

ಹೀರಾಬಾಯಿಯ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಒಂದು ಮೂಲೆ ಮಾತ್ರ ಹೊಲಿಯುವುದು ಬಾಕಿ. ಪಕ್ಕದ ತಾಟಿನಲ್ಲಿ ಒಂದು ಹೋಳಿಗೆ. ಹೆಂಗಸರಿಬ್ಬರೂ ಒಳಗಿದ್ದರು. ತನಗೇ ಇಟ್ಟಿದ್ದಾರೆಂದು ಅಮರನಾಥ ಅದನ್ನು ತಿಂದು ಕೈ ತೊಳೆಯಲು ಹಿತ್ತಲಿಗೆ ಹೋದ. ಬರುವಷ್ಟರಲ್ಲಿ ಮೂಲೆ ಮುಚ್ಚಿತ್ತು. ಜೈತುನಬಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಹೀರಾಬಾಯಿಯ ಕಣ್ಣು ಯಾಕೋ ಒದ್ದೆಯಾಗಿತ್ತು.

"ಸಂಭಾಳಿಸಿ ಒಯ್ಯಿ ಬೇಟಾ. ನಾವು ಹಿಂದ ಜೀಪಿನ್ಯಾಗ ಬರ್ತೇವಿ," ಎಂದಳು ಜೈತುನಬಿ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಸಾಬವ್ವ ಎಂಬ ಮುದುಕಿ. ಕೌದಿಯ ಗಂಟನ್ನು ಮುಟ್ಟಿದವಳೇ ಕೈ ಹಿಂದೆಗೆದಳು.

"ಬಿಸಿ ಅದಲ್ಲೋ ಯಪ್ಪಾ! ಮೂಲ್ಯಾಗ ಹೋಳಿಗಿ ಇಟ್ಟು ಕೌದಿ ಹೊಟ್ಟಿ ತುಂಬಿಸ್ಯಾರಿಲ್ಲ?"

"ತುಂಬಿಸಲಿಲ್ಲ ಅಂದ್ರ ಏನಾಗ್ತದ್ರಿ?"

"ಹೊದ್ದವರ್ನ ತಿಂತದ. ನಮ್ಮ ಮಾವ ಅಂಥಾ ಕೌದಿ ಹೊದ್ದು ಮಲಗಿದಾವ ಏಳಲೇ ಇಲ್ಲ."

"ವಯಸ್ಸು ಎಷ್ಟಿತ್ರಿ?"

"ತೊಂಬತ್ತಾರು. ಆದ್ರೂ ಗಟ್ಟಿ ಇದ್ದ."

ಅಮರನಾಥನಿಗೆ ಪಡಸಾಲೆಯ ತಾಟು ನೆನಪಾಯಿತು. ತಾನು ತಿಂದದ್ದು ಕೌದಿಯ ತುತ್ತು! ಗಂಟು ತೊಡೆಯ ಮೇಲೆ ಭಾರವಾಗುತ್ತ ಬಂತು, ನಿದ್ದೆ ಹೋದ ಮನುಷ್ಯನನ್ನು ಕೂರಿಸಿಕೊಂಡ ಹಾಗೆ. ಉಸಿರಾಡಿದಂತೆ ಮೇಲೆದ್ದು ತಗ್ಗುತ್ತಿತ್ತು. ರಸ್ತೆಯ ತಗ್ಗುದಿಣ್ಣೆ ಇರಬೇಕೆಂದು ಸಮಾಧಾನ ಮಾಡಿಕೊಂಡ. ನೋಡಿದರೆ ಬಸ್ಸು ನಿಂತಿತ್ತು.

ಆಳಂದದಲ್ಲಿ ಇಳಿದರೆ ನಾಯಿಗಳು. ಮೊದಲು ಮೂರು, ಆಮೇಲೆ ಏಳು. ಬೊಗಳಲಿಲ್ಲ, ಕಚ್ಚಲಿಲ್ಲ, ಹೆಣದ ಹಿಂದೆ ನಡೆಯುವ ನೆಂಟರಂತೆ ತಲೆ ತಗ್ಗಿಸಿಕೊಂಡು ಸಭಾಭವನದ ಬಾಗಿಲವರೆಗೂ ಬಂದವು. ಹೊಲಿಗೆ ಬಿಚ್ಚಿ ಒಂದು ಬಿಸ್ಕತ್ತಾದರೂ ತುರುಕೋಣವೆಂದರೆ ಸಮಿತಿಯವರು ಗಂಟು ಕಸಿದುಕೊಂಡೇಬಿಟ್ಟರು.

ಸುಬೇದಾರರಿಗೆ ಕೌದಿ ಹೊದಿಸಿದರು. ಅವರು ಅಮರನಾಥನನ್ನು ಮೇಲಿಂದ ಕೆಳಗೆ ನೋಡಿ ಮೀಸೆಯಲ್ಲೇ ನಕ್ಕರು. ಶೈಲಶ್ರೀಯ ಮುಖ ಅರಳಿತು. ಭಾಷಣ ಶುರುವಾಯಿತು. ಸ್ವಲ್ಪ ಹೊತ್ತಿಗೆ ಸುಬೇದಾರರ ಕಣ್ಣು ಮುಚ್ಚಿತು, ತಲೆ ವಾಲಿತು, ಕೈ ಜಾರಿ ಕೆಳಗೆ ಬಿತ್ತು.

"ತಗೀರಿ ಅದನ್ನ!" ಅಮರನಾಥ ವೇದಿಕೆಗೆ ನುಗ್ಗಿದ. "ಹಸದದ! ಸಾಹೇಬ್ರನ್ನ ತಿನ್ನಾಕತ್ತದ! ಅದರ ಹೋಳಿಗಿ ನಾ ತಿಂದೀನಿ!"

ಸುಬೇದಾರರು ಒಂದು ಕಣ್ಣು ತೆರೆದರು. "ಭಾಷಣಕ್ಕ ಜರಾ ನಿದ್ದಿ ಹತ್ತಿತ್ತು. ಏನು ತಿಂದಿ ಅಂದಿ?"

ಸಭೆ ಬಿದ್ದು ಬಿದ್ದು ನಕ್ಕಿತು. ಸುಬೇದಾರರು ಚಾಕು ತೆಗೆದು ಮೂಲೆಯ ಹೊಲಿಗೆ ಬಿಚ್ಚಿದರು. ಒಳಗೆ ಮಡಿಚಿಟ್ಟ ಹೋಳಿಗೆ ಇದ್ದಂತೆಯೇ ಇತ್ತು.

"ಕೌದಿ ಹೊಟ್ಟಿ ತುಂಬೇದ. ನೀ ತಿಂದದ್ದು ಯಾರದು?"

"ನಮ್ಮ ಮನಿಯವರದು," ಎಂದು ಜೀಪಿನಲ್ಲಿ ಬಂದು ಕೂತಿದ್ದ ಹೀರಾಬಾಯಿ ಎದ್ದು ನಿಂತಳು. ನಗು ನಿಂತುಹೋಯಿತು. ಅವಳು ಕೌದಿಯ ನಡುವಿನ ಹಸಿರು ತುಂಡು ತೋರಿಸಿದಳು. "ಇದು ಅವರ ಮಿಲಿಟ್ರಿ ಅಂಗಿ. ಗಡಿಗೆ ಹೋದವರು ತಿರುಗಿ ಬರಲಿಲ್ಲ. ಕೌದಿ ಮುಗಿಸೂ ದಿನ ಅಂತ ಅವರ ಹೆಸರಿಲೆ ಎರಡು ಹೋಳಿಗಿ ಎಡಿ ಇಟ್ಟಿದ್ದೆ. ತಾಟು ಖಾಲಿ ನೋಡಿ, ಬಂದು ಉಂಡ್ರು ಅಂತ ದಾರೀಗುಂಟ ಅತ್ಕೋತ ಬಂದೇನಿ."

ಅಮರನಾಥನಿಗೆ ನಾಚಿಕೆಗಿಂತ ದುಃಖವೇ ಹೆಚ್ಚಾಯಿತು. "ತಪ್ಪಾತು ಆಯಿ. ಆದ್ರ ಎರಡಲ್ಲ, ತಾಟಿನ್ಯಾಗ ಒಂದೇ ಇತ್ತು."

"ಸುಳ್ಳಾಡಬ್ಯಾಡ!" ಎಂದು ಜೈತುನಬಿ ಸಿಡಿದಳು. "ಆಕಿ ಎರಡು ಇಟ್ಟಿದ್ದು ನಾ ಕಣ್ಣಾರ ನೋಡೀನಿ. ನಿನ್ನ ಬಿಟ್ಟು ಪಡಸಾಲ್ಯಾಗ ಇನ್ಯಾರಿದ್ರು?"

ಸುಬೇದಾರರು ಕೌದಿ ಮಡಿಚಿ ಅಮರನಾಥನ ತೋಳಿಗೆ ಹೇರಿದರು. "ಸಿಪಾಯಿ ರೇಷನ್ ತಿಂದು, ಮ್ಯಾಲ ಸುಳ್ಳು ಹೇಳಾವಗ ನನ್ನ ಮನಿ ಹೆಣ್ಣಿಲ್ಲ. ಈ ಕೌದಿ ಆ ತಾಯಿದು. ಹೊತ್ಕೊಂಡು ಹೋಗಿ ಮನಿಗೆ ಮುಟ್ಟಸು."

ಶೈಲಶ್ರೀ ಮುಖ ತಿರುಗಿಸಿದಳು. ಹೀರಾಬಾಯಿ ಮಾತ್ರ ಅವನ ಹತ್ತಿರ ಬಂದಳು.

"ಖರೇನೇ ಒಂದೇ ಇತ್ತೇನೋ?"

"ನಿಮ್ಮ ಆಣಿ, ಒಂದೇ."

ಅವಳು ಹಸಿರು ತುಂಡಿನ ಮೇಲೆ ಕೈಯಾಡಿಸಿ, ಮದುವಣಗಿತ್ತಿಯ ಹಾಗೆ ನಕ್ಕಳು. ಅಮರನಾಥ ಕೌದಿಯನ್ನು ಮೈಯಿಂದ ಒಂದಿಷ್ಟು ದೂರ ಹಿಡಿದ.

ನಾಲ್ಕು ಗಂಟೆಯ ಬಸ್ಸು ಅರ್ಧ ಖಾಲಿ ಇತ್ತು. ಕೌದಿಯನ್ನು ಕಿಟಕಿ ಪಕ್ಕಕ್ಕಿಟ್ಟು, ತಾನು ಸೀಟಿನ ಅಂಚಿಗೆ ಕುಂಡಿ ತಾಗಿಸಿ ಕೂತ. ಕಂಡಕ್ಟರ್ ಬಂದು ಎರಡು ಟಿಕೆಟ್ ಹರಿದು ಕೊಟ್ಟ.

"ಎರಡ್ಯಾಕ್ರಿ? ನಾ ಒಬ್ಬನೇ ಇದ್ದೇನಿ."

"ಚ್ಯಾಷ್ಟಿ ಸಾಕು ಮಾಡ್ರಿ," ಎಂದ ಕಂಡಕ್ಟರ್, ಕಿಟಕಿಯ ಕಡೆ ಒಂದು ಸಲಾಮು ಹೊಡೆದು. "ಟಿಕೆಟ್ ನೀವೇ ತಗೋತೀರಿ ಅಂತ ಮಿಲಿಟ್ರಿ ಸಾಹೇಬ್ರು ಈಗಷ್ಟೇ ಹೇಳಿದ್ರು."