ದೊಡ್ಡವ್ವ ಕಾಲು ತೊಳೆಯದೆ ಬಂದಳು

ನಮ್ಮ ದೊಡ್ಡವ್ವ ಪ್ರಾರ್ಥನೆಗೆ ಎದ್ದು ನಿಂತಳೆಂದರೆ ದೇವರು ಕೇಳುತ್ತಾನೋ ಬಿಡುತ್ತಾನೋ, ಬೈಲಹೊಂಗಲದ ನಮ್ಮ ಸಭೆಯವರಂತೂ ಉಸಿರು ಬಿಗಿಹಿಡಿದು ಕೇಳುತ್ತಾರೆ! ಇವತ್ತು ಯಾರ ಪಾಳಿಯೋ ಎಂಬ ಅಂಜಿಕೆ ಎಲ್ಲರಿಗೂ. ಉಳಿದವರು 'ಎಲ್ಲರನ್ನೂ ಆಶೀರ್ವದಿಸು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರಲ್ಲ, ಅದು ಅವಳಿಗೆ ಸೇರುವುದಿಲ್ಲ. ದೇವರಿಗೆ ಗುರುತು ಸಿಗಬೇಡವೇ? ಹೆಸರು, ಓಣಿ, ಕೂತ ಬೆಂಚು, ಮಾಡಿದ ತಪ್ಪು, ಎಲ್ಲ ಬಿಡಿಸಿ ಹೇಳಿಯೇ ಆಮೆನ್. ಒಂದು ಭಾನುವಾರ, ಅತ್ತೆಯೊಂದಿಗೆ ಮಾತು ಬಿಟ್ಟ ಸೊಸೆಯೊಬ್ಬಳ ಮನಸ್ಸು ಕರಗಿಸು ಎಂದು ಬೇಡಿಕೊಂಡಳು. ಆ ಸೊಸೆ ನಾನು! ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಮನೆಗೆ ಬಂದವಳೇ ಅತ್ತೆಗೆ ಚಹಾ ಮಾಡಿ ಕೊಟ್ಟೆ. ಇಲ್ಲದಿದ್ದರೆ ಮುಂದಿನ ವಾರವೂ ನನ್ನದೇ ಪಾಳಿಯಲ್ಲವೇ?

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ನಮ್ಮ ಓಣಿಯ ಕೊನೆಯ ಮನೆ ಅವಳದು, ಊರಾಚೆ ಒಂದೆಕರೆ ಕಬ್ಬು. ಜೊತೆಗೆ ಸಕ್ಕರೆ ಕಾಯಿಲೆ. ಗುಳಿಗೆ ತಗೊಂಡೆಯಾ ಎಂದು ಕೇಳಿದರೆ ಕಬ್ಬಿನ ಹೊಲದವಳಿಗೆ ಸಕ್ಕರೆ ಬಾರದೆ ಉಪ್ಪು ಬರುತ್ತದೆಯೇ ಎಂದು ನನ್ನನ್ನೇ ಕೇಳುತ್ತಾಳೆ.

ಅವಳ ಜೊತೆ ಪಯಣವಂತೂ ಬೇಡವೇ ಬೇಡ. ಒಮ್ಮೆ ಸವದತ್ತಿಗೆ ಹೊರಟಿದ್ದೆವು. ಬಸ್ಸಿನ ತುಂಬ ಭಂಡಾರ ಹಚ್ಚಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟ ಮಂದಿ. ಚಾಲಕ ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದರಲ್ಲಿ ನಮ್ಮೆಲ್ಲರ ಜೀವ ಹಿಡಿದಿದ್ದ. ದೊಡ್ಡವ್ವ ಎದ್ದು ನಿಂತು ಕಣ್ಣು ಮುಚ್ಚಿದಳು. ನಾನು ಅವಳ ಸೆರಗು ಹಿಡಿದು ಜಗ್ಗಿದೆ.

"ಯೇಸಪ್ಪಾ, ಈ ಡ್ರೈವರಗ ಹೇಂತಿ ಮ್ಯಾಲ ಭಾಳ ಪ್ರೀತಿ ಐತಿ. ಮನಿ ಮುಟ್ಟಿದ ಮ್ಯಾಲ ಮಾತಾಡುವಂಗ ಮಾಡು."

ಅವನು ಗಾಬರಿಯಾಗಿ ಮೊಬೈಲನ್ನು ಕಿಸೆಗೆ ತುರುಕಿದ. ದೊಡ್ಡವ್ವ ಆಮೆನ್ ಎಂದಳು, ಇಡೀ ಬಸ್ಸು ಎಲ್ಲಮ್ಮನಿಗೆ 'ಉಧೋ ಉಧೋ' ಎಂದಿತು!

ಪಕ್ಕದ ಹೊಲದವನ ಎಮ್ಮೆಗಳು ಅವಳ ಕಬ್ಬಿಗೆ ನುಗ್ಗಿ ಎರಡು ಸಾಲು ಮೇಯ್ದಾಗ ಜಗಳ ನೋಡಲು ಓಣಿಯೇ ನೆರೆದಿತ್ತು. ಅವಳು ಜಗಳವಾಡಲೇ ಇಲ್ಲ. ಎಮ್ಮೆಗಳು ಹಸಿದಿದ್ದವೇನೋ ಎಂದು ಮರುದಿನದಿಂದ ತಾನೇ ಒಂದು ಹೊರೆ ಮೇವು ಕೊಯ್ದು ಅವನ ಕೊಟ್ಟಿಗೆ ಮುಂದೆ ಹಾಕತೊಡಗಿದಳು. ಐದನೇ ದಿನ ಅವನೇ ಬಂದು ಬೇಲಿ ಕಟ್ಟಿಕೊಟ್ಟು ಕೈಮುಗಿದ, ಇನ್ನು ಮೇವು ತರಬೇಡ, ಮಂದಿಗೆ ಮುಖ ತೋರಿಸಲು ಆಗುತ್ತಿಲ್ಲ ಎಂದ.

ಇಂಥವಳು ಈ ವರ್ಷ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಒಬ್ಬಳಾದಳು. ಶುಭ ಶುಕ್ರವಾರದ ಹಿಂದಿನ ದಿನ, ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆದು ಸಭಾಪಾಲಕರು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ನಮ್ಮ ಮಂದಿ ಎಂಥವರು! ಆ ಹನ್ನೆರಡೂ ಜನ ಮನೆಯಲ್ಲೇ ಕಲ್ಲಿನಿಂದ ಹಿಮ್ಮಡಿ ತಿಕ್ಕಿ, ಸಾಬೂನು ಹಚ್ಚಿ, ಪೌಡರ್ ಬಳಿದುಕೊಂಡು ಬರುತ್ತಾರೆ. ಸಭಾಪಾಲಕರು ಮೇಲಿಂದ ಎರಡು ಚಮಚ ನೀರು ಬಿಟ್ಟು ಟವೆಲು ತಾಗಿಸಿದರೆ ಮುಗಿಯಿತು. ನಾನೂ ವಾರ ಮೊದಲೇ ದೊಡ್ಡವ್ವನಿಗೆ ಒಂದು ಹೊಸ ಸಾಬೂನು ಕೊಟ್ಟು, ಮಾನ ಕಳೆಯಬೇಡ ಎಂದು ಬೇಡಿಕೊಂಡಿದ್ದೆ. ಬೋಗುಣಿ ಹಿಡಿಯುವ ಕೆಲಸ ನನ್ನದಾಗಿತ್ತು ನೋಡಿ.

ಅವತ್ತು ಪಂಪಿಗೆ ಕರೆಂಟು ಬಂದದ್ದು ಮಧ್ಯಾಹ್ನ. ದೊಡ್ಡವ್ವ ಕಬ್ಬಿಗೆ ನೀರು ಹಾಯಿಸಿ, ಮೊಣಕಾಲವರೆಗೆ ಎರೆಮಣ್ಣು ಮೆತ್ತಿಕೊಂಡು, ಹೊಲದಿಂದ ಸೀದಾ ಬಂದು ಕುರ್ಚಿಯ ಮೇಲೆ ಕೂತಳು! ಸಭೆಗೆ ಸಭೆಯೇ ಬೆಚ್ಚಿಬಿತ್ತು. ಹೊರಗೆ ನಳವಿದೆ, ತೊಳೆದುಕೊಂಡು ಬಾ ಎಂದು ನಾನು ಕಿವಿಯಲ್ಲಿ ಉಸುರಿದೆ. ಅವಳು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು.

"ತೊಳದ ಕಾಲ ತೊಳಿಯಾಕ ಅವರ್ಯಾಕ ಬಗ್ಗಬೇಕವಾ? ಹೊಲಸ ಅದಾವಂತನ ತಂದೇನಿ."

ಹೊಸದಾಗಿ ಬಂದಿದ್ದ ನಮ್ಮ ಎಳೆಯ ಸಭಾಪಾಲಕರು ನಿಲುವಂಗಿಯ ತೋಳು ಮಡಿಚಿ ಮೊಣಕಾಲೂರಿದರು. ಎರೆಮಣ್ಣೆಂದರೆ ಸುಮ್ಮನೆಯೇ? ಮೊದಲ ಬೋಗುಣಿ ನೀರು ಕಾಡಿಗೆಯಾಯಿತು, ಎರಡನೆಯದೂ ಹಾಗೆಯೇ. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಮೂರನೆಯದರಲ್ಲಿ ಅವರ ಕೈ ತಟ್ಟನೆ ನಿಂತಿತು. ಎಡಗಾಲಿನ ಕಿರುಬೆರಳ ಕೆಳಗೆ, ಅಂಗಾಲಿನಲ್ಲಿ, ಜಾಲಿಮುಳ್ಳೊಂದು ಮುರಿದು ಕೂತು, ಸುತ್ತಲೂ ಕೀವು ತುಂಬಿ ಬೆರಳು ಕಪ್ಪಾಗಿತ್ತು. ನೋವಿಲ್ಲವೇ ಅಮ್ಮಾ ಎಂದು ಕೇಳಿದರು. ದೊಡ್ಡವ್ವ ಬಗ್ಗಿ ನೋಡಿದಳು.

"ಎಲ್ಲಿ?" ಎಂದಳು.

ನಾನು ಬೋಗುಣಿಯನ್ನು ಅಲ್ಲೇ ಕೆಳಗಿಟ್ಟು ಗಾಡಿ ಹುಡುಕಲು ಓಡಿದೆ. ಅವತ್ತೇ ಸಂಜೆ ಬೆಳಗಾವಿಗೆ ಕರೆದೊಯ್ದೆವು. ಒಂದು ಬೆರಳು ಹೋಯಿತು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ನೋವೇ ತಿಳಿಯುತ್ತಿಲ್ಲ, ಇನ್ನು ನಾಲ್ಕು ದಿನ ತಡವಾಗಿದ್ದರೆ ಕಾಲೇ ಹೋಗುತ್ತಿತ್ತು ಎಂದರು ವೈದ್ಯರು. ನಾನು ಹೇಳಿದ ಹಾಗೆ ಅವಳು ತೊಳೆದು ಪೌಡರ್ ಹಚ್ಚಿಕೊಂಡು ಬಂದಿದ್ದರೆ ಎರಡು ಚಮಚ ನೀರು ಬಿದ್ದು ಮುಗಿಯುತ್ತಿತ್ತು, ಅವಳ ಅಂಗಾಲನ್ನು ಯಾರೂ ನೋಡುತ್ತಲೇ ಇರಲಿಲ್ಲ. ಅದೇ ಓಣಿಯಲ್ಲಿದ್ದ ನಾನು ನೋಡಿದ್ದೆನೇ?

ಈಗ ದಿನಾ ಬೆಳಿಗ್ಗೆ, ಶಾಲೆಗೆ ಪಾಠ ಹೇಳಲು ಹೋಗುವ ಮುನ್ನ, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು ಪಟ್ಟಿ ಕಟ್ಟುತ್ತೇನೆ. ಆಗೆಲ್ಲ ಅವಳು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಾಳೆ. ಇವತ್ತು ಯಾರ ಮಾನ ಹರಾಜಿಗಿದೆ ಎಂದು ಮೊನ್ನೆ ಚೇಷ್ಟೆ ಮಾಡಿದೆ. ಅವಳು ಕಣ್ಣು ತೆರೆಯಲಿಲ್ಲ.

"ಪ್ರಾರ್ಥನಿ ಅಲ್ಲವಾ. ನಿಮ್ಮ ದೊಡ್ಡಪ್ಪ ಹೋದ ಮ್ಯಾಲ ನನ್ನ ಯಾರೂ ಮುಟ್ಟಿದ್ದಿಲ್ಲ. ಕಾಲಿಗೆ ಗೊತ್ತಾಗೂದಿಲ್ಲ ಖರೆ, ನನಗ ಗೊತ್ತಾಗತೇತಿ."

ಪಟ್ಟಿ ಕಟ್ಟಿ ಮುಗಿದಿತ್ತು. ನಾನು ಅದನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಮೆಲ್ಲಗೆ ಕಟ್ಟಿದೆ. ಅವತ್ತು ಶಾಲೆಗೆ ತಡವಾಗಿ ಹೋದೆ.