ಕಮರಿ ದಾರಿಯ ತಲೆ ಎಣಿಕೆ

ಅತ್ತೆ ಊಟದ ಡಬ್ಬಿ ಹಿಡಿದುಕೊಂಡು ಆಫೀಸಿಗೆ ಬಂದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ.

ಗುಮಾಸ್ತ ಅಂದು ಡಬ್ಬಿ ಮರೆತು ಹೋಗಿದ್ದ. ಅತ್ತೆ ಯಾವುದನ್ನೂ ಮರೆಯುವ ಪೈಕಿ ಅಲ್ಲ. ಕಾವಲುಗಾರ ಒಳಗೆ ವಿಚಾರಿಸಿಕೊಂಡು ಬರುವಷ್ಟರಲ್ಲಿ ಆಕೆ ಕನ್ನಡಕ ಏರಿಸಿ, ಹಜಾರದ ಗೋಡೆಗೆ ಸಾಲಾಗಿ ತೂಗುಹಾಕಿದ್ದ ಹನ್ನೊಂದು ಫೋಟೋಗಳನ್ನು ನೋಡಿ ಮುಗಿಸಿದ್ದರು. ಹನ್ನೊಂದು ವರ್ಷದಲ್ಲಿ ಸಿಬ್ಬಂದಿ ಹೋಗಿಬಂದ ಹನ್ನೊಂದು ಪ್ರವಾಸಗಳ ಫೋಟೋಗಳವು. ಒಂದೊಂದು ಮುಖದ ಮೇಲೂ ಬೆರಳಿಟ್ಟು ಹುಡುಕಿದರು. ಅಳಿಯ ಯಾವುದರಲ್ಲೂ ಇರಲಿಲ್ಲ.

"ಅಳಿಯಂದಿರೇ, ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ನೀವು ಹೋಗೋದಾದ್ರೂ ಎಲ್ಲಿಗೆ?" ಎಂದು ಅಂದು ಸಂಜೆ ಕೇಳಿದರು.

ಫೋಟೋ ತೆಗೆಯುವವನೇ ನಾನು, ಹಾಗಾಗಿ ಫೋಟೋದಲ್ಲಿ ಇರೋದಿಲ್ಲ ಎಂದು ಗುಮಾಸ್ತ ವಿವರಿಸಿದ. ಹನ್ನೊಂದು ವರ್ಷದಲ್ಲಿ ನಿಮಗೋಸ್ಕರ ಒಂದು ಸಲ ಗುಂಡಿ ಒತ್ತುವ ಪುಣ್ಯಾತ್ಮ ಒಬ್ಬನೂ ಸಿಗಲಿಲ್ಲವೇ ಎಂದು ಅತ್ತೆ ಕೇಳಿದರು. ಗುಮಾಸ್ತ ಹೆಂಡತಿಯ ಮುಖ ನೋಡಿದ. ಆಕೆ ಯಾರ ಪಕ್ಷವನ್ನೂ ವಹಿಸದೆ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು. ಕೊನೆಗೆ ಅತ್ತೆಯ ತೀರ್ಪು ಬಂತು: ಈ ಸಲದ ಫೋಟೋದಲ್ಲಿ ಅಳಿಯ ಇರಬೇಕು, ಇಲ್ಲದಿದ್ದರೆ ತಾವೇ ಬಂದು ಸಾಹೇಬರನ್ನು ಕೇಳುತ್ತಾರೆ, ನಮ್ಮ ಅಳಿಯ ಇಲ್ಲಿ ಏನು ಕೆಲಸ ಮಾಡ್ತಾರೆ ಅಂತ.

ಆ ಪ್ರಶ್ನೆಗೆ ಸಾಹೇಬರಿಗೂ ಉತ್ತರ ಗೊತ್ತಿಲ್ಲದಿದ್ದರೆ ಏನು ಗತಿ ಎಂಬುದೇ ಗುಮಾಸ್ತನ ಭಯ. ತಕ್ಕಡಿ ತಯಾರಿಸುವ ಕಂಪನಿ ಅದು. ತೂಕ ತಪ್ಪಿ ವಾಪಸು ಬಂದ ತಕ್ಕಡಿಗಳ ಕಡತ ನೋಡಿಕೊಳ್ಳುವುದು ಅವನ ಕೆಲಸ. ಅವನ ಮೇಜು ಉಗ್ರಾಣದ ಆಚೆ, ಮೆಟ್ಟಿಲ ಕೆಳಗೆ. ಅಲ್ಲಿಗೆ ಬರುವವರೆಲ್ಲ ದಾರಿ ತಪ್ಪಿ ಬಂದವರೇ. ಸಾಹೇಬರು ಈ ಕಚೇರಿಗೆ ಬಂದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಅವರು ಅವನೊಡನೆ ಆಡಿದ್ದು ಒಂದೇ ಮಾತು: "ನನ್ನ ಬಲಗಡೆಯಿಂದ ತೆಗೀರಿ." ಅದೂ ಪ್ರವಾಸದಲ್ಲಿ.

ಈ ವರ್ಷದ ಪ್ರವಾಸ ನದಿಯ ಕಮರಿಯ ಅಂಚಿನ ರಸ್ತೆಗೆ ಎಂದು ಗೊತ್ತಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ, ನಡುವೆ ಹಾವಿನಂತೆ ಸುತ್ತುವ ರಸ್ತೆ, ಅದರುದ್ದಕ್ಕೂ ಐದು ವ್ಯೂಪಾಯಿಂಟುಗಳು. ಪ್ರತಿಯೊಂದರಲ್ಲೂ ಒಂದು ಕಬ್ಬಿಣದ ಕಟಕಟೆ, ಒಂದು ಕಲ್ಲುಬೆಂಚು ಮತ್ತು ಬಗ್ಗಬಾರದು ಎಂಬ ಬೋರ್ಡು. ಐದು ಕಡೆ ಐದು ಅವಕಾಶ, ಒಂದರಲ್ಲಾದರೂ ನುಸುಳಲಾರೆನೇ ಎಂದು ಗುಮಾಸ್ತ ಧೈರ್ಯ ತಂದುಕೊಂಡ.

ಅವನು ಹೆಡ್ ಗುಮಾಸ್ತರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡು ವರ್ಷದ ಹಿಂದೆ ಟೈಪಿಸ್ಟಮ್ಮನನ್ನು ಯಾವುದೋ ತೋಟದಲ್ಲಿ ಮರೆತು ಬಂದು ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ತಲೆ ಎಣಿಸುವ ಹೊಣೆ ಹೆಡ್ ಗುಮಾಸ್ತರದ್ದು. ನಮ್ಮ ಜನ ಎಣಿಸುವಾಗ ಒಂದು ಕಡೆ ನಿಲ್ಲುವವರಲ್ಲ. ಒಬ್ಬರು ಹತ್ತಿದರೆ ಇಬ್ಬರು ಇಳಿಯುತ್ತಾರೆ. ಅದಕ್ಕೆ ಈ ಸಲ ಅವರು ಒಂದು ಉಪಾಯ ಹೂಡಿದ್ದರು. ಫೋಟೋದಲ್ಲಿ ಯಾರೂ ಅಲ್ಲಾಡುವುದಿಲ್ಲ. ಆದ್ದರಿಂದ ಫೋಟೋ ತೆಗೆದ ಕೂಡಲೇ ಕ್ಯಾಮೆರಾದ ಪರದೆಯಲ್ಲಿ ತಲೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಆಮೇಲೆ ವ್ಯಾನಿನಲ್ಲಿ ಎಣಿಸುವುದು, ಎರಡೂ ತಾಳೆಯಾದರೆ ಹೊರಡುವುದು.

ಮೊದಲ ವ್ಯೂಪಾಯಿಂಟಿನಲ್ಲಿ ಹದಿಮೂರು ಜನ ಕಮರಿಗೆ ಬೆನ್ನು ತಿರುಗಿಸಿ ಸಾಲಾಗಿ ನಿಂತರು. ಅಷ್ಟು ದೂರದಿಂದ ನೋಡಲು ಬಂದಿದ್ದ ನದಿಯನ್ನು ಒಬ್ಬರೂ ನೋಡುತ್ತಿರಲಿಲ್ಲ. ಗುಮಾಸ್ತ ಎದುರಿನ ಬಂಡೆ ಹತ್ತಿ, ಸಾಹೇಬರ ಬಲಗಡೆಯಿಂದ ಫೋಟೋ ತೆಗೆದು, ಕ್ಯಾಮೆರಾವನ್ನು ಹೆಡ್ ಗುಮಾಸ್ತರ ಕೈಗೆ ದಾಟಿಸಿದ. ಬಂಡೆಯಿಂದ ಇಳಿಯುವುದು ಹತ್ತಿದಷ್ಟು ಸುಲಭವಿರಲಿಲ್ಲ. ಕೂತು ಜಾರಿಕೊಂಡು ನೆಲ ಮುಟ್ಟುವಷ್ಟರಲ್ಲಿ ಫೋಟೋದಲ್ಲಿ ಹದಿಮೂರು, ವ್ಯಾನಿನಲ್ಲಿ ಹದಿಮೂರು ತಾಳೆಯಾಗಿ ವ್ಯಾನು ಹೊರಟುಹೋಗಿತ್ತು.

ಎರಡನೆಯ ವ್ಯೂಪಾಯಿಂಟಿಗೆ ಅವನು ಇಟ್ಟಿಗೆ ಲಾರಿಯ ಮೇಲೆ ಕೂತು ಬಂದ. ಮೈಯೆಲ್ಲ ಕೆಂಪು ಧೂಳು. ಅಯ್ಯೋ ಪಾಪ ಅನ್ನುವವರು ಯಾರೂ ಇರಲಿಲ್ಲ. ಫೋಟೋ ಹೊತ್ತಿಗೆ ಸರಿಯಾಗಿ ಮಾಯವಾಗ್ತೀಯಲ್ಲ, ಬಿಸಿಲಲ್ಲಿ ಕಾಲು ಗಂಟೆಯಿಂದ ನಿಂತಿದ್ದೀವಿ ಎಂದು ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡರು.

ಅವನು ಹೆಡ್ ಗುಮಾಸ್ತರನ್ನು ಪಕ್ಕಕ್ಕೆ ಕರೆದು, ನಾವು ಒಟ್ಟು ಹದಿನಾಲ್ಕು ಜನ, ಹಾಜರಿ ಪುಸ್ತಕದಲ್ಲೂ ಹದಿನಾಲ್ಕು ಹೆಸರಿದೆ ಎಂದು ತಿಳಿಸಿದ. ಅವರು ನಿಟ್ಟುಸಿರು ಬಿಟ್ಟರು.

"ಹೌದಪ್ಪ, ಪುಸ್ತಕದಲ್ಲಿ ಹದಿನಾಲ್ಕು, ಫೋಟೋದಲ್ಲಿ ಹದಿಮೂರು. ಗೋಡೆ ಮೇಲಿನ ಹನ್ನೊಂದು ಫೋಟೋದಲ್ಲೂ ಒಂದು ತಲೆ ಕಮ್ಮಿ. ಆ ಒಂದು ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೀನಿ."

ಇವರಿಗೆ ಹೇಳಿ ಪ್ರಯೋಜನವಿಲ್ಲ, ಫೋಟೋದಲ್ಲಿ ನಿಂತೇ ತೋರಿಸಬೇಕು ಎಂದುಕೊಂಡ ಗುಮಾಸ್ತ. ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟು ಟೈಮರ್ ಒತ್ತಿ ಓಡಿದ. ಹತ್ತು ಸೆಕೆಂಡು ಸಾಕು ಅಂದುಕೊಂಡಿದ್ದ. ಅರ್ಧ ದಾರಿಯಲ್ಲಿ ಚಪ್ಪಲಿ ಕಳಚಿತು. ಬಗ್ಗಿ ಅದನ್ನು ಎತ್ತಿಕೊಳ್ಳುವುದಕ್ಕೂ ಕ್ಯಾಮೆರಾ ಟಿಕ್ ಅನ್ನುವುದಕ್ಕೂ ಸರಿಹೋಯಿತು. ಪರದೆಯ ತುಂಬ ಅವನ ಪ್ಯಾಂಟಿನ ಹಿಂಭಾಗ, ಇಟ್ಟಿಗೆ ಧೂಳಿನ ಸಮೇತ.

ಹೆಡ್ ಗುಮಾಸ್ತರು ಅದನ್ನು ಬಹಳ ಹೊತ್ತು ನೋಡಿ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದರು. ಸೊನ್ನೆ ಬಂದ ಮೇಲೆ ವ್ಯಾನಿಗೆ ಯಾರನ್ನೂ ಹತ್ತಿಸುವ ಹಾಗಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತರು. ಸಾಹೇಬರು ಗಡಿಯಾರ ನೋಡಿಕೊಂಡರು. ಗುಮಾಸ್ತ ತೆಪ್ಪಗೆ ಕ್ಯಾಮೆರಾ ಹಿಡಿದು ಇನ್ನೊಂದು ತೆಗೆದುಕೊಟ್ಟ. ಹದಿಮೂರು. ಅವನು ನಲ್ಲಿಯ ಹತ್ತಿರ ಮುಖದ ಧೂಳು ತೊಳೆದುಕೊಳ್ಳುತ್ತಿರುವಾಗ ಹದಿಮೂರು ತಾಳೆಯಾಗಿ ವ್ಯಾನು ಹೋಯಿತು.

ಮೂರನೆಯದಕ್ಕೆ ನಡೆದೇ ಬಂದ. ಪುಣ್ಯಕ್ಕೆ ಅವರೆಲ್ಲ ಅಲ್ಲಿ ತಿಂಡಿ ತಿನ್ನುತ್ತಿದ್ದರು. ಊರುಗೋಲು ಹಿಡಿದ ದಪ್ಪ ಮನುಷ್ಯನೊಬ್ಬ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಗುಮಾಸ್ತನಿಗೆ ದೇವರು ಕಂಡ ಹಾಗಾಯಿತು. ಒಂದೇ ಒಂದು ಫೋಟೋ ತೆಗೆದುಕೊಡಿ ಎಂದು ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟು, ಓಡಿಹೋಗಿ ಸಾಲಿನ ಕೊನೆಯಲ್ಲಿ ನಿಂತು, ಎದೆಯುಬ್ಬಿಸಿ ನಕ್ಕ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಕ್ಯಾಮೆರಾದ ಈಚೆ ಕಡೆ ಇದ್ದ. ಅವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಫೋಟೋದಲ್ಲಿ ಅವನ ಒಂದು ಕಿವಿ ಬಂದಿತ್ತು. ಜೊತೆಗೆ ಕ್ರಾಪಿನ ತುದಿ.

ಕಿವಿ ಇದ್ದ ಮೇಲೆ ಹಿಂದೆ ತಲೆ ಇದ್ದೇ ಇರುತ್ತದೆ ಎಂದು ಹೆಡ್ ಗುಮಾಸ್ತರು ಹದಿನಾಲ್ಕು ಬರೆದುಕೊಂಡರು. ಆದರೆ ಬರೀ ಕಿವಿಯನ್ನು ನೋಡಿ ಅಳಿಯ ಎಂದು ಒಪ್ಪುವ ಅತ್ತೆ ಅಲ್ಲ ಅವರು. ಇನ್ನೊಂದು ತೆಗೆಸೋಣ ಎಂದು ಗುಮಾಸ್ತ ದಪ್ಪ ಮನುಷ್ಯನನ್ನು ಹುಡುಕಿಕೊಂಡು ಹೋದ. ಬೆಂಚಿನ ಹತ್ತಿರ ಇಲ್ಲ, ತಿಂಡಿ ಅಂಗಡಿಯಲ್ಲಿಲ್ಲ, ಪೊದೆಯ ಹಿಂದೆಯೂ ಇಲ್ಲ. ಆ ಮಹಾನುಭಾವ ನಡೆದು ಸಾಕಾಗಿ ವ್ಯಾನು ಹತ್ತಿ ಗುಮಾಸ್ತನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಫೋಟೋದಲ್ಲಿ ಹದಿನಾಲ್ಕು, ವ್ಯಾನಿನಲ್ಲಿ ಹದಿನಾಲ್ಕು. ಇಷ್ಟು ಚೆನ್ನಾಗಿ ತಾಳೆಯಾದದ್ದು ಇದೇ ಮೊದಲು ಎಂದು ಹೆಡ್ ಗುಮಾಸ್ತರು ಖುಷಿಯಿಂದ ವ್ಯಾನು ಹೊರಡಿಸಿದರು.

ಹೋಗುವ ವ್ಯಾನಿನ ಕಿಟಕಿಯಲ್ಲಿ ಆ ಮುಖ ಕಂಡು ಗುಮಾಸ್ತ ರಸ್ತೆಯ ಪಕ್ಕ ಕುಸಿದು ಕೂತ. ಇಷ್ಟು ಹೊತ್ತು ಫೋಟೋಗಾದರೂ ತನ್ನನ್ನು ಹುಡುಕುತ್ತಿದ್ದರು, ಇನ್ನು ಅದೂ ಇಲ್ಲ. ಕೆಳಗೆ ನದಿ ಹಸಿರಾಗಿ, ಚೆಂದವಾಗಿ ಹರಿಯುತ್ತಿತ್ತು. ಅದನ್ನು ನೋಡಿ ಅವನಿಗೆ ಸಿಟ್ಟೇ ಬಂತು.

ಆಗ ಇನ್ನೊಂದು ವ್ಯಾನು ಬಂದು ನಿಂತಿತು. ಅದರಲ್ಲಿದ್ದವರೂ ತಕ್ಕಡಿ ಕಂಪನಿಯವರೇ. ಇವನ ಕಂಪನಿಗೆ ಹಾವು ಮುಂಗುಸಿಯಂತಿದ್ದ ಎದುರು ಕಂಪನಿ. ಒಳ್ಳೆಯ ಜನ. ಯಾರು, ಏನು ಎಂದು ಕೇಳದೆ ಹತ್ತಿಸಿಕೊಂಡು, ಕುಡಿಯಲು ನೀರು ಕೊಟ್ಟರು. ನಾಲ್ಕನೆಯ ವ್ಯೂಪಾಯಿಂಟಿಗೆ ಬಂದು ನೋಡಿದರೆ ದಪ್ಪ ಮನುಷ್ಯ ಒಬ್ಬನೇ ಕಟಕಟೆ ಹಿಡಿದುಕೊಂಡು ನಿಂತಿದ್ದ. ಇಲ್ಲಿಯ ಫೋಟೋ ಅವನೇ ತೆಗೆದನಂತೆ. ತೆಗೆದು ತಿರುಗಿ ನೋಡಿದರೆ ವ್ಯಾನಿಲ್ಲವಂತೆ. ಗುಮಾಸ್ತ ಅವನ ಬೆನ್ನು ತಟ್ಟಿ ಸಮಾಧಾನ ಮಾಡಿದ.

ಎದುರು ಕಂಪನಿಯವರು ಫೋಟೋಗೆ ನಿಂತಾಗ ಗುಮಾಸ್ತ ಅಭ್ಯಾಸದಂತೆ ಅವರ ಫೋನಿಗೆ ಕೈ ಚಾಚಿದ. ನೀವು ನಮ್ಮ ಅತಿಥಿ, ಅದನ್ನು ಇವರು ತೆಗೀತಾರೆ ಎಂದು ಅವರು ದಪ್ಪ ಮನುಷ್ಯನಿಗೆ ಫೋನು ಕೊಟ್ಟು, ಇವನನ್ನು ಎಳೆದು ಮಧ್ಯದಲ್ಲಿ ನಿಲ್ಲಿಸಿ, ತಮ್ಮ ಕಂಪನಿಯ ಬ್ಯಾನರನ್ನು ಅವನ ಎರಡೂ ಕೈಗೆ ಕೊಟ್ಟರು. ದಪ್ಪ ಮನುಷ್ಯನ ಕೈ ಅಷ್ಟರಲ್ಲಿ ಪಳಗಿತ್ತು. ಫೋಟೋ ಕನ್ನಡಿಯಂತೆ ಬಂತು. ಗುಮಾಸ್ತನ ಎರಡು ಕಿವಿಯೂ ಇದ್ದವು, ಹಲ್ಲೆಲ್ಲ ಇದ್ದವು. ಅವರು ಅದನ್ನು ಅವನ ಫೋನಿಗೂ ಕಳಿಸಿದರು.

ಐದನೆಯ ವ್ಯೂಪಾಯಿಂಟಿನಲ್ಲಿ ತನ್ನವರು ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಗುಮಾಸ್ತ ಸಾಹೇಬರ ಬಲಗಡೆಯಿಂದ ಫೋಟೋ ತೆಗೆದುಕೊಟ್ಟು, ಮತ್ತೆ ಎದುರು ಕಂಪನಿಯ ವ್ಯಾನು ಹತ್ತಿದ. ಹದಿಮೂರು ತಾಳೆಯಾಯಿತು.

ಸಂಜೆ ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅಳಿಯ ನಟ್ಟ ನಡುವೆ ನಿಂತಿದ್ದ. ಕೈಯಲ್ಲಿ ಬ್ಯಾನರು. ಅದರ ಮೇಲಿನ ಅಕ್ಷರಗಳನ್ನು ಆಕೆ ಕೂಡಿಸಿಕೊಂಡು ಓದಿದರು.

"ಹಾಗನ್ನಿ, ನೀವಿರೋದು ಈ ಕಂಪನೀಲಿ. ಆ ಗೋಡೆ ಮೇಲೆ ನೀವು ಹೇಗೆ ಸಿಗ್ತೀರಿ? ನಾನೇ ತಪ್ಪು ಆಫೀಸಿಗೆ ಹೋಗಿಬಿಟ್ಟಿದ್ದೆ."

ಅಲ್ಲ ಅನ್ನಬೇಕಿತ್ತು. ಆದರೆ ಅತ್ತೆಯ ಮುಖದಲ್ಲಿ ಅಂಥ ಗೌರವವನ್ನು ಗುಮಾಸ್ತ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಕಾಲು ಬೇರೆ ಬಾತುಕೊಂಡಿತ್ತು. ಹೂಂ ಅಂದು ಮಲಗಿಬಿಟ್ಟ.

ಮರುದಿನ ಕುಂಟುತ್ತ ಅವನು ಆಫೀಸು ಮುಟ್ಟುವಾಗ ಅರ್ಧ ಗಂಟೆ ತಡವಾಗಿತ್ತು. ಸಾಹೇಬರ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು. ಅವನು ಕುಂಟುತ್ತಲೇ ಬಾಗಿಲಿಗೆ ಧಾವಿಸಿದ. ಅತ್ತೆ ಜಗಳಕ್ಕೆ ಬಂದಿರಲಿಲ್ಲ, ಕ್ಷಮೆ ಕೇಳಲು ಬಂದಿದ್ದರು. ಹೋದ ತಿಂಗಳು ತಿಳಿಯದೆ ನಿಮ್ಮ ಗೋಡೆಯನ್ನೆಲ್ಲ ತಡಕಾಡಿದೆ, ನಮ್ಮ ಅಳಿಯ ಇರೋದು ಬೇರೆ ಕಂಪನಿಯಲ್ಲಿ, ತಪ್ಪು ತಿಳೀಬೇಡಿ ಎನ್ನುತ್ತಿದ್ದರು. ಬೆಳಿಗ್ಗೆಯೇ ದೊಡ್ಡದಾಗಿ ಮಾಡಿಸಿಕೊಂಡಿದ್ದ ಫೋಟೋ ಮೇಜಿನ ಮೇಲಿತ್ತು.

ಸಾಹೇಬರು ಫೋಟೋ ನೋಡಿದರು, ಬಾಗಿಲಲ್ಲಿ ನಿಂತಿದ್ದ ಗುಮಾಸ್ತನನ್ನು ನೋಡಿದರು. ಅವರ ಮುಖ ಅರಳಿತು.

"ಬನ್ನಿ ಬನ್ನಿ, ನೀವು ನಮ್ಮ ಫೋಟೋದವರಲ್ವಾ? ಸ್ಟುಡಿಯೋದವರು ಅಂದ್ಕೊಂಡಿದ್ದೆ. ಎದುರು ಕಂಪನೀಲಿದ್ದುಕೊಂಡೂ ಮೂರು ವರ್ಷದಿಂದ ನಮಗೆ ಫೋಟೋ ತೆಗೆದುಕೊಡ್ತಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ಮದು."

ತಾನು ಇಲ್ಲಿಯ ವಾಪಸು ವಿಭಾಗದವನು ಎಂದು ಗುಮಾಸ್ತ ತೊದಲಿದ. ಸಾಹೇಬರು ಮೇಜಿನ ಪಕ್ಕ ನಿಂತಿದ್ದ ಹೆಡ್ ಗುಮಾಸ್ತರತ್ತ ತಿರುಗಿದರು. ಸಾಹೇಬರು ಎದುರು ಕಂಪನಿ ಎಂದ ಮೇಲೆ ಅಲ್ಲ ಎಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ನೋಟ್‌ಬುಕ್ ತೆರೆದು, ಐದು ಫೋಟೋದಲ್ಲೂ ಇವರಿಲ್ಲ, ಒಂದರಲ್ಲಿ ಒಂದು ಕಿವಿ ಇದೆ, ಯಾರದ್ದೆಂದು ಪತ್ತೆಯಾಗಿಲ್ಲ ಎಂದು ವರದಿ ಒಪ್ಪಿಸಿದರು. ಹಾಜರಿ ಪುಸ್ತಕದಲ್ಲಿ ಮಾತ್ರ ಹದಿನಾಲ್ಕು ಸಾಲು, ಇವತ್ತು ಹದಿನಾಲ್ಕನೆಯದರಲ್ಲಿ ಸಹಿ ಇಲ್ಲ ಎಂದೂ ಸೇರಿಸಿದರು.

ಇದನ್ನು ಇವತ್ತೇ ಇತ್ಯರ್ಥ ಮಾಡಿಬಿಡೋಣ ಎಂದು ಸಾಹೇಬರು ಎದ್ದರು. ಎಲ್ಲರನ್ನೂ ಹಜಾರಕ್ಕೆ ಕರೆಸಿ ಸಾಲಾಗಿ ನಿಲ್ಲಿಸಿದರು. ಮನೆಗೆ ಬಂದ ಹಿರಿಯರು, ನೀವೂ ಬನ್ನಿ ಅಮ್ಮಾ ಎಂದು ಅತ್ತೆಯನ್ನು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಯಾರೋ ಗುಮಾಸ್ತನ ಕೈಗೆ ಕ್ಯಾಮೆರಾ ಕೊಟ್ಟರು. ಬಾಯಲ್ಲಿ ನೂರು ಮಾತಿದ್ದವು. ಹೊರಗೆ ಬಂದದ್ದು, "ಸ್ವಲ್ಪ ಹತ್ತಿರ ಬನ್ನಿ" ಎಂಬುದೊಂದೇ.

ಹೆಡ್ ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು ಒಂದು ಸಲ ಎಣಿಸಿದರು. ನಂಬಿಕೆಯಾಗದೆ ಇನ್ನೊಂದು ಸಲ ಎಣಿಸಿದರು.

"ಹದಿನಾಲ್ಕು ಸಾರ್, ಎಲ್ಲಾ ಪೂರ್ತಿ ತಲೆ. ಹನ್ನೊಂದು ವರ್ಷ ಆದ ಮೇಲೆ ಪುಸ್ತಕಕ್ಕೂ ಫೋಟೋಗೂ ತಾಳೆಯಾಯ್ತು."

ಅವರು ಓಡಿಹೋಗಿ ಹಾಜರಿ ಪುಸ್ತಕ ತಂದು, ಹದಿನಾಲ್ಕನೆಯ ಸಾಲಿಗೆ ಬೆರಳು ತೋರಿಸಿ, ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮಾ ಎಂದು ವಿನಯದಿಂದ ಅತ್ತೆಯ ಮುಂದೆ ಹಿಡಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಪೆನ್ನಿಗೋಸ್ಕರ ಅಳಿಯನ ಜೇಬಿಗೆ ಕೈ ಹಾಕಿದರು.